ಲಾಕಿಂಗ್ ಹಬ್ ಕೊಳ್ಳುವ ಮುನ್ನ ಒಳಗೆ ನೋಡಿ

ಫೋರ್-ವ್ಹೀಲ್ ಡ್ರೈವ್ ವಾಹನದ ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ (ಲಾಕ್), ಬೇಡವಾದಾಗ ಬಿಡಿಸುವ (ಫ್ರೀ) ಭಾಗವೇ ಲಾಕಿಂಗ್ ಹಬ್. ಚಕ್ರದ ನಡುವಿನ ಅದರ ಡಯಲನ್ನು ‘ಫ್ರೀ’ಗೆ ತಿರುಗಿಸಿದಾಗ ಚಕ್ರ ಮಾತ್ರ ಸುತ್ತುತ್ತದೆ; ಅದಕ್ಕೆ ಬಲ ಸಾಗಿಸುವ ಆಕ್ಸಲ್ ಶಾಫ್ಟ್, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್‌ಗಳು ಅದರ ಜೊತೆ ವೃಥಾ ಸುತ್ತಿ ಸವೆಯುವುದು ತಪ್ಪುತ್ತದೆ. 1948ರಲ್ಲಿ ಆರಂಭವಾದ ವಾರ್ನ್ ಸಂಸ್ಥೆ ಹೆಸರು ಮಾಡಿದ್ದೇ ಯುದ್ಧಾನಂತರದ ಜೀಪುಗಳಿಗೆ ಇಂಥ ಹಬ್‌ಗಳನ್ನು ತಯಾರಿಸಿ.

ಬಾಳಿಕೆಯನ್ನು ಹೊರಗಿನ ಹೊಳಪಿನಿಂದ ಅಳೆಯಲಾಗದು. ಲಾಕ್ ಮಾಡಿದ ಮೇಲೆ ಆ ಚಕ್ರಕ್ಕೆ ಬರುವ ಬಲವೆಲ್ಲ ಒಳಗಿನ ಕ್ಲಚ್ ರಿಂಗ್‌ನ (ಜಾರಿ ಕೂತು ಚಕ್ರವನ್ನೂ ಶಾಫ್ಟನ್ನೂ ಬೆಸೆಯುವ ಬಳೆ) ಹಲ್ಲುಗಳ ಮೂಲಕವೇ ಹಾದುಹೋಗುವುದರಿಂದ, ಆ ರಿಂಗ್ ಗಟ್ಟಿಗೊಳಿಸಿದ ಉಕ್ಕಿನದಾಗಿರಬೇಕೆಂಬುದು ನನ್ನ ಮೊದಲ ಷರತ್ತು. ಒಮ್ಮೆ ಹಳೆಯ ಹಬ್ ಬಿಚ್ಚಿದಾಗ ಹಲ್ಲುಗಳ ಅಂಚುಗಳು ಉರುಟಾಗಿ, ಗ್ರೀಸಿನಲ್ಲಿ ಬೂದುಬಣ್ಣದ ಲೋಹದ ಪುಡಿ ಮಿನುಗುತ್ತಿತ್ತು. ಡಯಲನ್ನು ಪೂರ್ತಿ ತಿರುಗಿಸದೆ ಅರ್ಧಕ್ಕೇ ಬಿಟ್ಟು ಏರು ಹತ್ತಿದ್ದರ ಫಲವದು.

ಹಬ್‌ನ ಸ್ಪ್ಲೈನ್‌ಗಳ (ಶಾಫ್ಟಿನ ತುದಿಯ ಗೀರುಗಳಿಗೆ ಕೂರುವ ಉದ್ದ ಹಲ್ಲುಗಳು) ಸಂಖ್ಯೆ ನಿಮ್ಮ ಆಕ್ಸಲ್ ಶಾಫ್ಟಿಗೆ ಹೊಂದಲೇಬೇಕು, ಅದನ್ನು ಎಣಿಸಿಯೇ ಖಚಿತಪಡಿಸಿಕೊಳ್ಳಿ. ಬಂಡೆಗೆ ತಾಗಿದರೆ ಪ್ಲಾಸ್ಟಿಕ್ ಡಯಲ್ ಒಡೆಯಬಹುದಾದ್ದರಿಂದ ನಾನು ಲೋಹದ್ದನ್ನೇ ಆರಿಸುತ್ತೇನೆ. ನೀರು, ಕೆಸರು ಒಳನುಗ್ಗದಂತೆ ತಡೆಯುವ ಓ-ರಿಂಗ್ ಬಿಡಿಯಾಗಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಗ್ರೀಸನ್ನು ತೆಳುವಾಗಿ ಮಾತ್ರ ಸವರಿ. ತುಂಬಿಟ್ಟರೆ ಚಳಿಯಲ್ಲಿ ಅದು ಗಟ್ಟಿಯಾಗಿ, ರಿಂಗ್ ಜಾರಿ ಕೂರುವುದೇ ಕಷ್ಟವಾಗುತ್ತದೆ.