ಡ್ರೆಸ್ಡೆನ್‌ನಲ್ಲಿ ಕಾರವಾರದ ನಕ್ಷತ್ರ

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚಿನಿಂದಲೇ ಕಿಟಕಿ ಕಿಟಕಿಯಲ್ಲೂ ಮುಳ್ಳುಮುಳ್ಳಾದ ನಕ್ಷತ್ರ ಉರಿಯುತ್ತದೆ. ಜರ್ಮನಿಯ ಈ ಭಾಗದ ಹೆರ್ನ್‌ಹುಟ್ ಎಂಬ ಸಣ್ಣ ಊರಿನ ನಕ್ಷತ್ರವದು. ಒಟ್ಟು 25 ಮೊನೆ, 17 ನಾಲ್ಕು ಬದಿಯವು, 8 ಮೂರು ಬದಿಯವು. 19ನೇ ಶತಮಾನದಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಥದವರ ವಸತಿ ಶಾಲೆಯಲ್ಲಿ ರೇಖಾಗಣಿತ ಕಲಿಸಲೆಂದು ಮಾಡಿಸಿದ್ದು. ಅಲ್ಲಿ ಓದುತ್ತಿದ್ದವರಲ್ಲಿ ಮಿಷನರಿಗಳ ಮಕ್ಕಳೂ ಇದ್ದರು, ಅಪ್ಪ ಅಮ್ಮ ಎಲ್ಲೋ ಸಮುದ್ರದಾಚೆ. ಇದು ಗೊತ್ತಾದ ಮೇಲೆ ಆ ನಕ್ಷತ್ರ ನನಗೆ ಇನ್ನೂ ಹತ್ತಿರವಾಯಿತು.

ಆದರೆ ನಮ್ಮ ಮನೆಗೆ ಐದು ಮೂಲೆಯದೇ ಆಗಬೇಕು. ಕಾರವಾರದಲ್ಲಿ ಅಪ್ಪ ಬಿದಿರು ಸೀಳಿ ಕಡ್ಡಿ ಮಾಡಿ, ದಾರ ಬಿಗಿದು, ಗಾಳಿಪಟದ ಕಾಗದ ಅಂಟಿಸುತ್ತಿದ್ದರು. ದೀಪಾವಳಿಗೆ ಪಕ್ಕದ ಮನೆಯವರ ಆಕಾಶಬುಟ್ಟಿ ಕಟ್ಟಿಕೊಡುತ್ತಿದ್ದುದೂ ಅವರೇ. ಇಲ್ಲಿ ಟೊಮೆಟೊ ಗಿಡಕ್ಕೆ ಆಧಾರ ಕೊಡುವ ಬಿದಿರು ಕಡ್ಡಿ ಅಂಗಡಿಯಲ್ಲಿ ಸಿಗುತ್ತದೆ. ಅದೇ ಸಾಕು.

ಕಟ್ಟಲು ಜೊತೆಗೆ ಕೂತವರು ಸಿರಸಿಯ ಭಟ್ಟರು. ಊರಿಂದ ಬಂದ ತೊಡದೇವು ಹಿಡಿದುಕೊಂಡೇ ಬಂದಿದ್ದರು. ನಾನು ನೆವ್ರಿ ಕರಿದಿದ್ದೆ. ಅಂಟು ಒಣಗುವಷ್ಟರಲ್ಲಿ ಎರಡೂ ಅರ್ಧ ಖಾಲಿ.

"ಇದನ್ನು ಹೊರಗೇ ಯಾಕೆ ಕಟ್ಟೋದು ಮಾರಾಯ? ಗೋದಲಿ ಒಳಗಿದೆಯಲ್ಲ?" ಎಂದರು. ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ.

ಒಳ್ಳೆಯ ಪ್ರಶ್ನೆ ಅಲ್ವಾ? ಬೈಬಲ್ಲಿನಲ್ಲಿ ಯೇಸು ಹುಟ್ಟಿದ ಕಥೆ ಹೇಳುವ ಲೂಕನ ಸುವಾರ್ತೆಯಲ್ಲಿ ನಕ್ಷತ್ರವೇ ಇಲ್ಲ. ಅಲ್ಲಿ ಕುರುಬರಿಗೆ ದೇವದೂತ ಬಂದು ಸುದ್ದಿ ಹೇಳುತ್ತಾನೆ. ನಕ್ಷತ್ರ ಬರುವುದು ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ. ಅದನ್ನು ಕಂಡು ಮಗುವನ್ನು ಹುಡುಕಿ ಹೊರಟವರು ಮೂಡಣ ದೇಶದ ಜೋಯಿಸರು. ಬೇರೆ ದೇಶದವರು, ಆಕಾಶ ನೋಡಿ ಲೆಕ್ಕ ಹಾಕುವವರು. ನಕ್ಷತ್ರ ನೋಡಿ ಭವಿಷ್ಯ ಹೇಳುವುದನ್ನು ಯೆಹೂದ್ಯರ ಗ್ರಂಥ ಒಪ್ಪುವುದೇ ಇಲ್ಲ. ಆದರೂ ಅವರಿಗೆ ಕರೆ ಬಂದದ್ದು ಅವರ ಕಸುಬಿನ ದಾರಿಯಲ್ಲೇ. ಎಷ್ಟು ಜನ ಬಂದರು ಎಂದು ಮತ್ತಾಯ ಹೇಳಿಲ್ಲ. ಚಿನ್ನ, ಧೂಪ, ರಕ್ತಬೋಳವೆಂಬ ಸುಗಂಧದ ಅಂಟು ಎಂದು ಕಾಣಿಕೆ ಮೂರಿದ್ದುದರಿಂದ ಗೋದಲಿಯಲ್ಲೂ ಮೂವರು ನಿಂತಿದ್ದಾರೆ.

ನನಗೆ ಜಾಸ್ತಿ ಕಾಡುವುದು ಯೆರೂಸಲೇಮಿನ ಶಾಸ್ತ್ರಿಗಳು. ಕ್ರಿಸ್ತ ಹುಟ್ಟುವುದೆಲ್ಲಿ ಎಂದು ರಾಜ ಹೆರೋದ ಕೇಳಿದ ಕೂಡಲೇ ಪ್ರವಾದಿ ಮೀಕನ ಮಾತು ತೆಗೆದು, ಬೆತ್ಲೆಹೇಮಿನಲ್ಲಿ ಎಂದು ಹೇಳಿಬಿಟ್ಟರು. ಬೆತ್ಲೆಹೇಮ್ ಅಲ್ಲಿಂದ ಎಂಟು ಒಂಬತ್ತು ಕಿಲೋಮೀಟರ್ ಅಷ್ಟೇ. ಅವರು ಹೋದರು ಎಂದು ಮತ್ತಾಯ ಎಲ್ಲೂ ಬರೆದಿಲ್ಲ. ಹೋದವರು ದೂರದಿಂದ ಬಂದವರೇ. ಹಾಗಾಗಿ ನಕ್ಷತ್ರ ಮನೆಯೊಳಗಿನವರಿಗಲ್ಲ, ದಾರಿಯಲ್ಲಿರುವವರಿಗೆ ಎಂಬುದು ನನ್ನ ಲೆಕ್ಕ. ಆ ನಕ್ಷತ್ರ ಗುರು ಶನಿ ಗ್ರಹಗಳು ಜೊತೆಗೂಡಿದ್ದೋ, ಧೂಮಕೇತುವೋ ಎಂಬ ಚರ್ಚೆ ಖಗೋಳಜ್ಞ ಕೆಪ್ಲರನ ಕಾಲದಿಂದಲೂ ಇದೆ. ಇರಲಿ ಬಿಡಿ. ಊರಲ್ಲಿದ್ದಾಗ ನಕ್ಷತ್ರ ಹಬ್ಬದ ಅಲಂಕಾರವಾಗಿತ್ತು. ಹೊರನಾಡಿಗೆ ಬಂದ ಮೇಲೆ ಜೋಯಿಸರ ಪಕ್ಷ ಸೇರಿದ್ದೇನೆ.

ಭಟ್ಟರು ಕೇಳಿಸಿಕೊಂಡು, "ಹಾಗಾದ್ರೆ ರಸ್ತೆ ಕಡೆಗೇ ತಿರುಗಿಸಿ ಕಟ್ಟೋಣ" ಎಂದು ಕುರ್ಚಿ ಹತ್ತಿದರು.

ಅದನ್ನು ಜನವರಿ 6ರವರೆಗೆ ಇಳಿಸಲಿಲ್ಲ. ಅದು ಜೋಯಿಸರ ಹಬ್ಬ. ಆಸುಪಾಸಿನ ದಿನಗಳಲ್ಲಿ ಇಲ್ಲಿ ಮಕ್ಕಳು ಆ ಮೂವರಂತೆ ರಾಜರ ವೇಷ ಹಾಕಿ, ಕೋಲಿಗೆ ನಕ್ಷತ್ರ ಸಿಕ್ಕಿಸಿಕೊಂಡು ಹಾಡುತ್ತಾ ಮನೆಗೆ ಬರುತ್ತಾರೆ. ಬೇರೆ ದೇಶಗಳ ಬಡ ಮಕ್ಕಳಿಗೆಂದು ಹಣ ಕೂಡಿಸುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಸವಿ ಮತ್ತು ಸಿ, ಎಂ, ಬಿ ಅಕ್ಷರ ಬರೆಯುತ್ತಾರೆ, ಕ್ರಿಸ್ತನು ಈ ಮನೆಯನ್ನು ಹರಸಲಿ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಮೇಳ ಅಂಗಳಕ್ಕೆ ಬಂದ ಹಾಗೇ ಎಂದು ಭಟ್ಟರಿಗೆ ಖುಷಿಯೋ ಖುಷಿ. ಮುಂದಿನ ವರ್ಷ ತಮ್ಮ ಮನೆಗೂ ಬರಲಿ ಎಂದು ಚರ್ಚಿನಲ್ಲಿ ಹೆಸರು ಬರೆಸಿ ಬಂದಿದ್ದಾರೆ.