ಅಜ್ಜಿ ಬೀಟ್ಸ್ ಮಿ

ಮಂಗಳವಾರ ಹನ್ನೊಂದೂವರೆಗೆ ಮಗನ ಸ್ಕೂಲಿಂದ ಫೋನು, ಕ್ಲಾಸ್ ಮಿಸ್ಸು. "ಸರ್, ಇವತ್ತೇ ಒಂಚೂರು ಬನ್ನಿ, ಫೋನಲ್ಲಿ ಬೇಡ" ಅಂದ್ರು. ಫೋನಲ್ಲಿ ಬೇಡ ಅಂದ್ಮೇಲೆ ಕೇಳಬೇಕಾ, ಇವನು ಬಿದ್ದು ತಲೆ ಒಡ್ಕೊಂಡಿದಾನೋ ಇನ್ಯಾರದ್ದೋ ತಲೆ ಒಡೆದಿದಾನೋ ಅಂತ ಆಟೋ ಹಿಡ್ಕೊಂಡು ಓಡಿದೆ.

ಹೋದ್ರೆ ಕೂರಿಸಿದ್ದು ಕೌನ್ಸೆಲರ್ ರೂಮಲ್ಲಿ. ಟೇಬಲ್ ಮೇಲೆ ಅವನ ಇಂಗ್ಲಿಷ್ ನೋಟ್ಸು. ಎರಡನೇ ಕ್ಲಾಸು, ಅಜ್ಜಿ ಬಗ್ಗೆ ಐದು ಸೆಂಟೆನ್ಸ್ ಬರೀರಿ ಅಂತ ಕೊಟ್ಟಿದಾರೆ. ಮೊದಲನೇದು ಹೆಸರು, ಎರಡನೇದು ಅಜ್ಜಿ ಊರು ಹಾಸನ. ಮೂರು, ಶಿ ಬೀಟ್ಸ್ ರೊಟ್ಟಿ. ನಾಲ್ಕು, ಅಟ್ ನೈಟ್ ಶಿ ಬೀಟ್ಸ್ ಮಿ ಅಂಡ್ ಐ ಸ್ಲೀಪ್. ಐದು, ಐ ಲವ್ ಮೈ ಅಜ್ಜಿ.

ನಾನು ನಕ್ಕುಬಿಟ್ಟೆ. ತಪ್ಪಾಯ್ತು ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ಮಿಸ್ ಮುಖ ಹಾಗೇ ಬಿಗಿಯಾಯ್ತು, ಮಗೂನ ದಿನಾ ರಾತ್ರಿ ಬಡಿದು ಮಲಗಿಸ್ತಾರೆ ಅಂದ್ರೆ ಅಪ್ಪ ಕೂತ್ಕೊಂಡು ನಗ್ತಿದಾನಲ್ಲ ಅಂತ. ಪಾಪ, ಆ ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೇ. ಕೌನ್ಸೆಲರ್ ಮೇಡಂ ಮಂಡ್ಯದ ಕಡೆಯವರು, ನಾನು ಟೇಬಲ್ ಮೇಲೆ ಅಂಗೈಲಿ ತಟ್ಟಿ ತೋರಿಸಿದ ತಕ್ಷಣ "ಓ, ತಟ್ಟಿ ಮಲಗಿಸ್ತಾರೆ! ರೊಟ್ಟೀನೂ ತಟ್ಟೋದೇ!" ಅಂತ ಅವರೂ ನಕ್ಕರು. ಆದ್ರೂ ನೋಟ್ಸ್ ಮುಚ್ಚಿಟ್ಟು, ನಗು ನಿಲ್ಲಿಸಿ ಕೇಳಿದ್ರು. "ಮನೇಲಿ ಬೇರೆ ಯಾರಾದ್ರೂ ಮಗೂಗೆ ಹೊಡೀತೀರಾ?"

"ಇಲ್ಲ" ಅಂದೆ. ಅವರ ಪ್ರಶ್ನೆ ಪೂರ್ತಿ ಮುಗಿದಿತ್ತೋ ಇಲ್ಲವೋ, ಅಷ್ಟು ಬೇಗ.

ವಾಪಸ್ ಬರ್ತಾ ಆಟೋಲಿ ಆ ಮಿಸ್ ಮೇಲೆ ಸಿಟ್ಟು ಬಂತು, ಒಂದು ಪದಕ್ಕೆ ಇಷ್ಟು ರಾದ್ಧಾಂತನಾ ಅಂತ. ಅರ್ಧ ದಾರಿಗೆ ಬರೋವಾಗ ಅನಿಸಿತು, ಅಲ್ಲ, ಆಕೆ ಕರೀದೇ ಇದ್ದಿದ್ರೆನೇ ತಪ್ಪು. ಹಿಟ್ ಅಂದಿದ್ರೆ ಬರೀ ಒಂದೇಟು, ಕೈ ತಾಗಿದ್ರೂ ಹಿಟ್ಟೇ, ಕಾರಿಗೆ ಕಾರು ಗುದ್ದಿದ್ರೂ ಹಿಟ್ಟೇ. ಮನುಷ್ಯರನ್ನ ಬೀಟ್ ಮಾಡೋದು ಅಂದ್ರೆ ಮೇಲಿಂದ ಮೇಲೆ, ನಮ್ಮ ಬಡಿಯೋದು ಇದ್ದಹಾಗೆ. ಅದಕ್ಕೆ ಬಾಲದಲ್ಲಿ ಎಸ್ ಬೇರೆ ಹಾಕಿದಾನೆ, ಅಂದ್ರೆ ದಿನಾ ಅದೇ ಕೆಲಸ! ಇವನ ತಪ್ಪೂ ಅಲ್ಲ ಬಿಡಿ. ಇಲ್ಲಿ ಯಾವ ಸ್ಕೂಲಲ್ಲಿ ಹೋಗಿ ಕಿವಿ ಕೊಟ್ರೂ "ಮಿಸ್, ಹೀ ಈಸ್ ಬೀಟಿಂಗ್ ಮಿ" ಅನ್ನೋದೇ, ಪಕ್ಕದೋನು ಸ್ಕೇಲಲ್ಲಿ ಮುಟ್ಟಿರ್ತಾನೆ ಅಷ್ಟೇ. ಹೊಡಿ ಅಂದ್ರೆ ಬೀಟ್ ಅಂತ ಒಂದೇ ಕಲ್ತಿದಾನೆ, ತಟ್ಟೋದೂ ಅದಕ್ಕೆ ಹತ್ತಿರದ್ದೇ ಇರಬೇಕು ಅಂದ್ಕೊಂಡಿದಾನೆ.

ಅವನಿಗೆ ಬೈಯೋಕೆ ನಾನ್ಯಾರು, ನಮ್ಮ ಹೊಡಿ ಅನ್ನೋದರ ಕಥೆ ನೋಡಿ. ಗೋಡೆಗೆ ಬಣ್ಣ ಹೊಡಿ, ಗಿಡಕ್ಕೆ ಔಷಧಿ ಹೊಡಿ, ಮೊಳೆ ಹೊಡಿ, ಸಿಳ್ಳೆ ಹೊಡಿ, ನಿದ್ದೆ ಹೊಡಿ, ಬೋರ್ ಹೊಡಿ, ಕರೆಂಟು ಹೊಡೀತು, ಲಾಟರಿ ಹೊಡೀತು, ಲಕ್ವ ಹೊಡೀತು. ಈ ಕೊನೇದಕ್ಕೆ ಇಂಗ್ಲಿಷಲ್ಲೂ ಸ್ಟ್ರೋಕ್ ಅಂತಾರೆ, ಅದೂ ಸ್ಟ್ರೈಕ್ ಅನ್ನೋ ಹೊಡೆತದ ನಂಟೇ, ಅದೇ ಸ್ಟ್ರೋಕ್ ಅಂದ್ರೆ ಬೆಕ್ಕಿನ ಬೆನ್ನು ನೇವರಿಸೋದೂ ಹೌದು! ಕ್ರಿಕೆಟ್ ಕಾಮೆಂಟ್ರಿಯಲ್ಲಿ ಬೀಟನ್ ಅಂತ ಕಿರುಚ್ತಾರಲ್ಲ, ಅಲ್ಲಿ ಬಾಲು ಬ್ಯಾಟಿಗೆ ತಾಗೇ ಇರಲ್ಲ. ಬೇಸ್‌ಬಾಲಲ್ಲಂತೂ ಬ್ಯಾಟ್ ಬೀಸಿ ಬಾಲು ತಪ್ಪಿದ್ರೆ ಸ್ಟ್ರೈಕು. ಹೊಡೆತ ಅನ್ನೋ ಪದ, ಹೊಡೀದೇ ಇರೋದಕ್ಕೆ.

ಸಂಜೆ ವಕೀಲ ಗೆಳೆಯನಿಗೆ ಫೋನ್ ಮಾಡಿ ಇದನ್ನೇ ಹೇಳ್ಕೊಂಡು ನಕ್ಕೆ. ಅವನು ನಗಲಿಲ್ಲ, ವಕೀಲರ ಬುದ್ಧಿ, ತಿದ್ದೋಕೆ ಶುರು ಮಾಡಿದ. ಪೇಪರ್ನೋರು ಅಸಾಲ್ಟ್ ಅಂದ್ರೆ ಹಲ್ಲೆ ಅಂತ ಬರೀತಾರಲ್ಲ, ಕಾನೂನಲ್ಲಿ ಅಸಾಲ್ಟ್ ಅನ್ನೋಕೆ ಮೈ ಮುಟ್ಟೋದೇ ಬೇಡವಂತೆ, ಈಗ ಹೊಡೀತಾನೆ ಅಂತ ಎದುರಿನವನಿಗೆ ಭಯ ಆಗೋ ಹಾಗೆ ಕೈ ಎತ್ತಿದ್ರೂ ಸಾಕು. ಹಳೇ ಐಪಿಸಿಯಲ್ಲಿ 351, ಜುಲೈ 2024ರಿಂದ ಹೊಸ ನ್ಯಾಯ ಸಂಹಿತೇಲಿ 130. ಸ್ಕೂಲಲ್ಲಿ ಹೊಡಿಯೋ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳತ್ತೆ ಅಂದ. ಹಾಗಾದ್ರೆ ಮನೇಲಿ ಅಂದೆ. ಆ ಸೆಕ್ಷನ್ ಮನೆಗಲ್ಲ ಅಂದು, ಒಂದು ನಿಮಿಷ ಸುಮ್ಮನಿದ್ದು, "ಯಾಕೋ, ಏನಾಯ್ತೋ" ಅಂದ. ಏನಿಲ್ಲ ಅಂತ ಇಟ್ಟುಬಿಟ್ಟೆ.

ಕೈ ಎತ್ತೋದು ಅನ್ನೋದು ಮಾತ್ರ ತಲೇಲಿ ಉಳೀತು. ನಾನು ರಿಮೋಟ್ ತಗೊಳಕ್ಕೆ ಕೈ ಚಾಚಿದ್ರೂ ಒಂದೊಂದು ಸಲ ಇವನ ಭುಜ ಕಿವೀವರೆಗೂ ಏರತ್ತೆ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ವಿಷಯ ಹೇಳಿದೆ. "ಅಯ್ಯೋ ನನ್ನ ಕೈ ಸೇದೋಗ, ನಾನು ಹೊಡೀತೀನಿ ಅಂತ ಬರೆದ್ನಾ" ಅಂತ ಮೊದಲು ಗಾಬರಿ, ಆಮೇಲೆ ಸೆರಗು ಬಾಯಿಗಿಟ್ಟು ನಗು. ನಕ್ಕು ಮುಗಿಸಿ ನನ್ನ ಕಡೆ ತಿರುಗಿ, "ನಿನ್ನ ಬಡಿಯೋವಾಗ ಯಾವ ಮೇಷ್ಟ್ರೂ ಬಂದು ಕೇಳ್ಲಿಲ್ಲ ನೋಡು" ಅಂದ್ಲು. ನಿಜ, ಹುಣಸೆ ಬರಲು, ಕಾಲಿನ ಮೀನಖಂಡಕ್ಕೆ. ಆಮೇಲೆ ಅವಳೇ ಕೊಬ್ಬರಿ ಎಣ್ಣೆ ಹಚ್ಚೋಳು. ಅದಕ್ಕೆ ಇಂಗ್ಲಿಷಲ್ಲಿ ಬೀಟ್ ಅನ್ನೋದು ಸರಿಯಾದ ಪದ, ಎಸ್ಸೂ ಸೇರಿಸಬಹುದು. ಆದ್ರೆ ನಾನು ಇಷ್ಟು ವರ್ಷ ಯಾರ ಹತ್ರ ಹೇಳಿದ್ರೂ "ಅಮ್ಮ ಎರಡು ಬಿಡೋಳು" ಅಂತಷ್ಟೇ ಹೇಳಿರೋದು. ಏನು ಎರಡು, ಏನು ಬಿಡೋದು? ಪದಾನೇ ಇಲ್ಲ ಅದರಲ್ಲಿ. ಪಕ್ಕದ ಮನೆಯೋನು ಮಗನಿಗೆ ಬಾರಿಸಿದ್ರೆ ಮಾತ್ರ ದನಕ್ಕೆ ಬಡಿದ ಹಾಗೆ ಬಡೀತಾನೆ ಅಂತ ಬಾಯ್ತುಂಬ ಹೇಳ್ತೀವಿ.

ಊಟ ಆದ್ಮೇಲೆ ತಿದ್ದಿಸೋಕೆ ಕೂತೆ. ಮಿಸ್ ಕೆಂಪು ಇಂಕಲ್ಲಿ ಬೀಟ್ಸ್ ಹೊಡೆದು ಹಾಕಿ ಪ್ಯಾಟ್ಸ್ ಅಂತ ಬರೆದಿದ್ರು, ನಾಲ್ಕನೇದಕ್ಕೆ ಮಾತ್ರ. ರೊಟ್ಟಿ ಇನ್ನೂ ಬೀಟ್ ಆಗ್ತಾನೇ ಇತ್ತು. ಅದೂ ಪ್ಯಾಟ್ಸೇ ಕಣೋ ಅಂದೆ. ಅವನಿಗೆ ಖುಷಿಯಾಗಿ ರಫ್ ಬುಕ್ ತಂದು ಒಂದೊಂದೇ ಕೇಳ್ತಾ ಹೋದ. ಬಾಗಿಲು ತಟ್ಟೋದು? ನಾಕ್. ಚಪ್ಪಾಳೆ ತಟ್ಟೋದು? ಕ್ಲ್ಯಾಪ್. ಗುದ್ದೋದು? ಪಂಚ್. ಒದೆಯೋದು ಅವನಿಗೇ ಗೊತ್ತು, ಫುಟ್‌ಬಾಲ್. ತಲೆ ಮೇಲೆ ಮೊಟಕೋದು? ಅದಕ್ಕೆ ನನಗೂ ಥಟ್ಟಂತ ಹೊಳೀಲಿಲ್ಲ, ಬೆರಳ ಗೆಣ್ಣಲ್ಲಿ ಅಂತ ಉದ್ದಕ್ಕೆ ಹೇಳಬೇಕು ಅಂದೆ, ಅವನು ಅದನ್ನ ಕನ್ನಡದಲ್ಲೇ ಬರ್ಕೊಂಡ. ಅಜ್ಜಿ ಆಗಲೇ ಹಾಸಿಗೆ ಹಾಸಿ, ಬಾರೋ ಕಂದ ಅಂತ ಕರೀತಿದ್ಲು.

ಪೆನ್ಸಿಲ್ ಕಚ್ಕೊಂಡು ಕೇಳಿದ. "ಅಪ್ಪ, ಅವತ್ತು ಟಿಫನ್ ಬಾಕ್ಸ್ ಕಳ್ಕೊಂಡು ಬಂದಿದ್ನಲ್ಲ, ಆಗ ನೀನು ಮಾಡಿದ್ದು?"

ಟ್ಯಾಪ್ ಅನ್ನೋ ಪದ ನಾಲಿಗೆ ತುದಿಗೆ ಬಂದಿತ್ತು, ಅವನಿಗೇನು ಗೊತ್ತಾಗ್ತಿತ್ತು.

"ಸ್ಲ್ಯಾಪ್" ಅಂದೆ.

"ಸ್ಪೆಲಿಂಗು? ಎಸ್, ಎಲ್, ಎ, ಡಬಲ್ ಪಿ?"

"ಒಂದೇ ಪಿ ಕಣೋ."