ಮೂರಂಕಿ ಬೀಗ

ಏಪ್ರಿಲ್ 12, 2025, ಶನಿವಾರ

ಬೆಳಗ್ಗೆಯಿಂದ ಸೂಟ್‌ಕೇಸ್ ಜೊತೆ ಗುದ್ದಾಟ. ನಾಳೆ ಹಾಸನದಲ್ಲಿ ಮದುವೆ. ಅಮ್ಮನ ರೇಷ್ಮೆ ಸೀರೆ ಅದರೊಳಗಿದೆ, ನಂಬರ್ ಲಾಕ್ ನನಗೂ ನೆನಪಿಲ್ಲ, ಅವಳಿಗೂ ನೆನಪಿಲ್ಲ. ಅಮ್ಮ 000ದಿಂದ ಶುರು ಮಾಡಿ ಒಂದೊಂದೇ ತಿರುಗಿಸುತ್ತಾ ಕೂತಳು.

ತಮಾಷೆ ನೋಡಿ, 1961ರಲ್ಲಿ ಇದೇ ದಿನ ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ವೋಸ್ತೋಕ್-1 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿದ್ದು, ಮನುಷ್ಯರಲ್ಲೇ ಮೊದಲಿಗನಾಗಿ. ಅವನಿಗೂ ಮೂರಂಕಿಯ ಬೀಗವೇ ಇತ್ತು! ತೂಕವೇ ಇಲ್ಲದ ಕಡೆ ಮನುಷ್ಯನಿಗೆ ತಲೆ ಕೆಟ್ಟರೆ ಏನು ಗತಿ ಅಂತ ಡಾಕ್ಟರುಗಳಿಗೆ ಹೆದರಿಕೆ. ಅದಕ್ಕೇ ನೌಕೆ ತಾನಾಗೇ ಹೋಗಿ ಬರುವ ಹಾಗೆ ಮಾಡಿ, ಕೈಯಿಂದ ನಡೆಸುವ ವ್ಯವಸ್ಥೆಗೆ ಬೀಗ ಹಾಕಿದ್ದರು. ನಂಬರ್ 125. ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ನೌಕೆಯಲ್ಲೇ ಇಟ್ಟಿದ್ದರು. ಲಕೋಟೆ ಒಡೆದು ಓದಿ ಗುಂಡಿ ಒತ್ತುವಷ್ಟು ಬುದ್ಧಿ ನೆಟ್ಟಗಿದ್ದರೆ ನಡೆಸಲಿ ಅಂತ ಲೆಕ್ಕ. ಆದರೆ ಹೊರಡುವ ಮುಂಚೆಯೇ ನೌಕೆಯ ರೂವಾರಿ ಕೊರೊಲ್ಯೋವ್ ಸೇರಿ ಒಂದಿಬ್ಬರು ನಂಬರನ್ನು ಅವನ ಕಿವಿಗೆ ಹಾಕಿಬಿಟ್ಟಿದ್ದರು. ನನಗಂತೂ ಇಡೀ ಕಥೆಯಲ್ಲಿ ಇಷ್ಟ ಆಗೋದು ಇದೇ.

ಕೊನೆಗೆ ಆ ನಂಬರ್ ಬೇಕಾಗಲೇ ಇಲ್ಲ. ಕೈಕೊಟ್ಟಿದ್ದು ಬೇರೆ. ವಾಪಸ್ ಇಳಿಯುವಾಗ, ಇವನು ಕೂತಿದ್ದ ಗುಂಡು, ಅಂದರೆ ಚೆಂಡಿನಾಕಾರದ ಕೋಣೆ, ಹಿಂದಿನ ಯಂತ್ರದ ಭಾಗದಿಂದ ಪೂರ್ತಿ ಬಿಟ್ಟುಕೊಳ್ಳಲಿಲ್ಲ. ವೈರುಗಳಿಗೆ ಜೋತುಬಿದ್ದು ಎರಡೂ ಬುಗುರಿಯ ಹಾಗೆ ತಿರುಗಿದವು, ಸುಮಾರು ಹತ್ತು ನಿಮಿಷ. ಬಿಸಿಗೆ ವೈರು ಸುಟ್ಟ ಮೇಲೇ ಬಿಡುಗಡೆ. ಅದಕ್ಕೆ ಯಾವ ಲಕೋಟೆಯೂ ಇರಲಿಲ್ಲ, ಸುಮ್ನೆ ಕೂತಿರಬೇಕಷ್ಟೆ.

ಆ ಗುಂಡು ಪ್ಯಾರಾಚೂಟ್ ಬಿಚ್ಚಿದರೂ ನೆಲಕ್ಕೆ ಜೋರಾಗೇ ಬೀಳುತ್ತಿತ್ತು. ಹಾಗಾಗಿ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಸೀಟಿನ ಸಮೇತ ಹೊರಗೆ ಚಿಮ್ಮಿ, ತನ್ನದೇ ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿದ. ಇದನ್ನು ಸೋವಿಯತ್‌ನವರು ವರ್ಷಗಟ್ಟಲೆ ಮುಚ್ಚಿಟ್ಟರು. ಹಾರಾಟದ ವಿಶ್ವದಾಖಲೆ ಸಿಗಬೇಕಾದರೆ ಹಾರಿದವನು ನೌಕೆಯಲ್ಲೇ ಇಳಿಯಬೇಕು ಅಂತ ನಿಯಮ ಇತ್ತಲ್ಲ! ರಷ್ಯಾದ ಸರಾತೊವ್ ಕಡೆಯ ಹೊಲದಲ್ಲಿ ಅವನು ಮೊದಲು ಕಂಡಿದ್ದು ಒಬ್ಬ ಹೆಂಗಸಿಗೆ ಮತ್ತು ಅವಳ ಪುಟ್ಟ ಮೊಮ್ಮಗಳಿಗೆ. ಕಿತ್ತಳೆ ಬಣ್ಣದ ಬಟ್ಟೆ, ಬಿಳಿ ಹೆಲ್ಮೆಟ್ ನೋಡಿ ಇಬ್ಬರೂ ಹೆದರಿದ್ದರು.

ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದೆ. ಚಕ್ರ ತಿರುಗಿಸುವುದನ್ನು ನಿಲ್ಲಿಸದೆ ಕೇಳಿದಳು: "ಮೊದಲೇ ಹೇಳಿದ ಮೇಲೆ ಲಕೋಟೆ ಯಾಕೋ ಇಟ್ರು?"

317ಕ್ಕೆ ಟಕ್ ಅಂತು.